ಬಿಳಿ ಕಾರಿನ ಮೇಲೆ ಕರಿ ಹನಿ: ಡಾಂಬರು ಬಿಡಿಸಿದ ದಿನಚರಿ

ಶನಿವಾರ

ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಗಳ ಆ ದಿನದ ಮೌಲ್ಯಮಾಪನ ಮುಗಿಸಿ ಶಿವಮೊಗ್ಗದಿಂದ ಸಾಗರಕ್ಕೆ ಬರುತ್ತಿದ್ದೆ. ಕುಂಸಿ ದಾಟಿದ ಮೇಲೆ ಒಂದು ಕಡೆ ರಸ್ತೆ ಕೆಲಸ ನಡೆದಿತ್ತು. ಮಳೆಗಾಲಕ್ಕೆ ಇನ್ನು ಒಂದೂವರೆ ತಿಂಗಳು. ಮಲೆನಾಡಿನ ರಸ್ತೆಗಳ ನೆನಪು ಎಲ್ಲರಿಗೂ ಬರುವುದು ಈ ಒಂದೂವರೆ ತಿಂಗಳಲ್ಲೇ. ಅರ್ಧ ರಸ್ತೆಯನ್ನು ಮುಚ್ಚಿದ್ದರು. ಉಳಿದರ್ಧದ ಅಂಚಿಗೆ ಟ್ಯಾಂಕರ್ ಒಂದು ಏನನ್ನೋ ಸಿಂಪಡಿಸಿಕೊಂಡು ಮುಂದೆ ಹೋಗಿತ್ತು. ಕೆಂಪು ಬಾವುಟದ ಹುಡುಗ ಕೈ ಬೀಸಿದ, ನಾನು ಹೊರಟೆ. ಎಡಗಡೆಯ ಚಕ್ರಗಳಡಿ ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು ಸ್ವಲ್ಪ ಹೊತ್ತು ಕೇಳಿಸಿತು.

ಮನೆಗೆ ಬಂದು ನೋಡಿದರೆ ಕಾರಿನ ಎಡಬದಿಯ ಕೆಳಭಾಗಕ್ಕೂ ಹಿಂಬದಿಯ ಡಿಕ್ಕಿಗೂ ಕಂದು ಬಣ್ಣದ ಸಣ್ಣ ಹನಿಗಳು ಸಿಡಿದಿದ್ದವು. ಕೆಂಪು ಮಣ್ಣಿನ ಊರಿನವನಿಗೆ ಕಂದು ಹನಿ ಎಂದರೆ ಕೆಸರು. ನಾಳೆ ತೊಳೆದರಾಯಿತು ಎಂದು ಒಳಗೆ ಹೋದೆ.

ಮುಂದಿನ ಎಂಟು ದಿನಗಳ ಕೆಲಸಕ್ಕೆ ಕಾರಣ ಆ ಒಂದು ರಾತ್ರಿ. ಜಲ್ಲಿ ಡಾಂಬರಿನ ಬಿಸಿ ಮಿಶ್ರಣ ಹರಡುವ ಮುಂಚೆ ಹಳೆಯ ರಸ್ತೆಗೆ ಅದು ಅಂಟಿಕೊಳ್ಳಲೆಂದು ಡಾಂಬರಿನ ಎಮಲ್ಷನ್ ಸಿಂಪಡಿಸುತ್ತಾರೆ. ಮಜ್ಜಿಗೆಯಲ್ಲಿ ಬೆಣ್ಣೆಯ ಕಣಗಳು ತೇಲುವಂತೆ ನೀರಿನಲ್ಲಿ ಡಾಂಬರಿನ ಸೂಕ್ಷ್ಮ ಕಣಗಳು ತೇಲುತ್ತಿರುವ ದ್ರವ ಅದು. ಹಸಿಯಿದ್ದಾಗ ಅದರ ಬಣ್ಣ ಕಂದು. ನೀರು ಆರಿದಂತೆ ಕಣಗಳು ಒಂದಕ್ಕೊಂದು ಕೂಡಿಕೊಂಡು ಕಪ್ಪಾಗುತ್ತವೆ. ಕಂದು ಇರುವಾಗ ಒಂದು ಬಕೆಟ್ ನೀರು, ಒಂದಿಷ್ಟು ಸೋಪು ಸಾಕು. ಕಪ್ಪಾದ ಮೇಲೆ ನೀರಿಗೂ ಅದಕ್ಕೂ ಸಂಬಂಧವಿಲ್ಲ.

ಭಾನುವಾರ

ಬೆಳಿಗ್ಗೆ ಎಲ್ಲ ಹನಿಗಳೂ ಕಪ್ಪಾಗಿದ್ದವು. ಉಗುರಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು, ಬಿಡುತ್ತಿರಲಿಲ್ಲ. ಎಣಿಸುವ ಚಟ ನನ್ನದು: ಎಡಗಡೆಯ ಮುಂದಿನ ಮಡ್‌ಗಾರ್ಡಿನ ಮೇಲೆ 38, ಬಾಗಿಲ ಮೇಲೆ ಐವತ್ತರಷ್ಟು, ಹಿಂದಿನ ಚಕ್ರದ ಸುತ್ತ ಎಣಿಸಲಾಗದಷ್ಟು, ಡಿಕ್ಕಿಯ ಮೇಲೆ 21.

ಕಾರು ಅಪ್ಪನದು, 1998ರ ಬಿಳಿ ಮಾರುತಿ 800. ಅಪ್ಪ ಹೊರಗೆ ಬಂದು ಒಮ್ಮೆ ಸುತ್ತು ಹಾಕಿ, "ಪೆಟ್ರೋಲ್ ಹಾಕಿ ಒರೆಸು, ಹೋಗುತ್ತದೆ" ಎಂದರು. ಪಕ್ಕದ ಮನೆಯವರು ಬೇಲಿಯ ಆಚೆಯಿಂದಲೇ ಡೀಸೆಲ್ ಎಂದರು. ಬೈಕಿನಲ್ಲಿ ಹೋಗುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗಾಡಿ ನಿಲ್ಲಿಸಿ, "ಸರ್, ಥಿನ್ನರ್ ಹಾಕಿ, ಒಂದೇ ಏಟಿಗೆ" ಎಂದ. ಮೂವರೂ ಹೇಳಿದ್ದರಲ್ಲಿ ಸುಳ್ಳಿಲ್ಲ. ಮೂರೂ ಡಾಂಬರನ್ನು ಕರಗಿಸುತ್ತವೆ. ಅಡಿಯಲ್ಲಿರುವ ಬಣ್ಣ ಯಾವುದು ಎಂದು ಮಾತ್ರ ಯಾರೂ ಕೇಳಲಿಲ್ಲ. ಇಪ್ಪತ್ತು ವರ್ಷ ರಸಾಯನಶಾಸ್ತ್ರ ಕಲಿಸಿದ ನಾನೂ ಆ ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಿಕೊಳ್ಳಲಿಲ್ಲ ಎಂಬುದು ಮಂಗಳವಾರ ಗೊತ್ತಾಯಿತು.

ಮೊದಲು ಡಾಂಬರಿನ ಕಡೆಯಿಂದ ನೋಡೋಣ. ನಾವು ಟಾರು ಎಂದು ಕರೆಯುವುದು ಇಂದಿನ ರಸ್ತೆಗಳ ಮಟ್ಟಿಗೆ ಬಿಟುಮೆನ್, ಅಂದರೆ ಕಚ್ಚಾ ತೈಲದಿಂದ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್‌ಗಳೆಲ್ಲ ಆವಿಯಾಗಿ ಹೋದ ಮೇಲೆ ತಳದಲ್ಲಿ ಉಳಿಯುವ ಗಷ್ಟು. ಕಲ್ಲಿದ್ದಲಿನಿಂದ ಬರುವ ಟಾರು ಬೇರೆ ಜಾತಿಯದು, ಅದು ಸೀಮೆಎಣ್ಣೆಗೆ ಸುಲಭವಾಗಿ ಬಗ್ಗುವುದಿಲ್ಲ. ರಸ್ತೆಯ ಡಾಂಬರು ಮಾತ್ರ ತನ್ನ ಮನೆಯವರನ್ನೇ ಒಲ್ಲೆ ಎನ್ನುವುದಿಲ್ಲ: ಸೀಮೆಎಣ್ಣೆ, ಟರ್ಪೆಂಟೈನ್, ಡೀಸೆಲ್ ಎಲ್ಲವೂ ಅದರ ಒಡಹುಟ್ಟಿದವು. ಹಲಸಿನಕಾಯಿ ಕೊಯ್ಯುವ ಮುಂಚೆ ಅಮ್ಮ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರುವುದು ಇದೇ ಲೆಕ್ಕದಲ್ಲಿ. ಆ ಮೇಣಕ್ಕೆ ನೀರು ಶತ್ರು, ಎಣ್ಣೆ ನೆಂಟ.

ಡಾಂಬರಿನೊಳಗೂ ಎರಡು ಪಾಲಿದೆ. ಎಣ್ಣೆಯಂಥ, ಅಂಟಿನಂಥ ಭಾಗ ಸೀಮೆಎಣ್ಣೆಯಲ್ಲಿ ಸಲೀಸಾಗಿ ಕರಗುತ್ತದೆ. ಅಸ್ಫಾಲ್ಟೀನ್ ಎಂಬ ಕಪ್ಪು, ಭಾರದ ಭಾಗ ಅಷ್ಟು ಸುಲಭಕ್ಕೆ ಕರಗುವುದಿಲ್ಲ, ಅದಕ್ಕೆ ಟಾಲ್ವೀನ್‌ನಂಥ ಖಾರದ ದ್ರಾವಕ ಬೇಕು. ಹನಿಯ ದಪ್ಪವೆಲ್ಲ ಹೋದ ಮೇಲೂ ಚಹಾದ ಕಲೆಯಂಥ ಕಂದು ಛಾಯೆ ಉಳಿಯುವುದು ಈ ಕಾರಣಕ್ಕೆ. ಆ ಛಾಯೆ ಕಂಡು ತಾಳ್ಮೆಗೆಟ್ಟವರೇ ಥಿನ್ನರ್ ಕೈಗೆತ್ತಿಕೊಳ್ಳುವುದು.

ಮನೆಯಲ್ಲಿ, ಊರಿನ ಅಂಗಡಿಯಲ್ಲಿ ಸಿಗುವುದನ್ನೆಲ್ಲ ಹೊರಗಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟುಕೊಂಡೆ. ಅಂಗಳ ಬೇಡ ಎಂದು ಅಮ್ಮ ಮೊದಲೇ ಹೇಳಿದ್ದರು. ಅಲ್ಲಿ ಚಾಪೆಯ ತುಂಬ ಹಲಸಿನ ಹಪ್ಪಳ ಒಣಗುತ್ತಿತ್ತು. "ನಿನ್ನ ಸೀಮೆಎಣ್ಣೆ ವಾಸನೆ ಹಪ್ಪಳಕ್ಕೆ ಬಂದರೆ ನೀನೇ ಕೂತು ತಿನ್ನಬೇಕು." ಕಾರನ್ನು ಹಿತ್ತಲಿನ ಮಾವಿನ ಮರದ ನೆರಳಿಗೆ ತಳ್ಳಿದೆವು. ಹೇಗೂ ನೆರಳೇ ಬೇಕಿತ್ತು. ಬಿಸಿಲಿಗೆ ಕಾದ ತಗಡಿನ ಮೇಲೆ ದ್ರಾವಕ ಹಚ್ಚಿದರೆ ಅದು ಕೆಲಸ ಮಾಡುವ ಮೊದಲೇ ಆರಿಹೋಗಿ, ಕರಗಿದಷ್ಟು ಡಾಂಬರನ್ನು ಇನ್ನೂ ಅಗಲಕ್ಕೆ ಬಳಿದು ಹೋಗುತ್ತದೆ.

ಪೆಟ್ರೋಲನ್ನು ಮೊದಲೇ ಪಕ್ಕಕ್ಕೆ ಇಟ್ಟೆ. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ವಸ್ತು ಅದು. ನಮ್ಮ ಹಿತ್ತಲಿನಲ್ಲಿ ಹತ್ತು ಹೆಜ್ಜೆಗೆ ಬಚ್ಚಲ ಒಲೆ ಉರಿಯುತ್ತಿರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ಒಲೆಯವರೆಗೂ ಹೋಗಬಲ್ಲದು. ಅದರಲ್ಲಿ ಬೆಂಜೀನ್ ಅಂಶವೂ ಇರುತ್ತದೆ, ಚರ್ಮಕ್ಕೂ ಉಸಿರಿಗೂ ಒಳ್ಳೆಯದಲ್ಲ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥೆನಾಲ್ ಬೇರೆ ಇದೆ. ಹಳೆಯ ಲ್ಯಾಕರ್ ಬಣ್ಣಗಳ ಮೇಲೆ ಎಥೆನಾಲ್ ಒಂಟಿಯಾಗಿ ಹೆಚ್ಚೇನೂ ಮಾಡದು, ಇನ್ನೊಂದು ದ್ರಾವಕ ಜೊತೆಗಿದ್ದರೆ ಅದರೊಂದಿಗೆ ಕೈಜೋಡಿಸುತ್ತದೆ. ಇಷ್ಟೆಲ್ಲ ಅಪಾಯ ಮೈಮೇಲೆ ಎಳೆದುಕೊಂಡರೂ ಲಾಭ ಕಡಿಮೆ, ಏಕೆಂದರೆ ಹನಿ ನೆನೆಯುವ ಮೊದಲೇ ಪೆಟ್ರೋಲ್ ಹಾರಿಹೋಗಿರುತ್ತದೆ.

ಡೀಸೆಲ್ ನಿಧಾನವಾಗಿ ಆರುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ಅದರ ಜಿಡ್ಡು ಮತ್ತು ವಾಸನೆ ಮೂರು ಸಲ ತೊಳೆದರೂ ಹೋಗುವುದಿಲ್ಲ, ಅದರ ಮೇಲೆ ಕೂತ ಧೂಳು ಅಲ್ಲೇ ಮನೆ ಮಾಡುತ್ತದೆ. ಸೀಮೆಎಣ್ಣೆ ನನ್ನ ಮೊದಲ ಆಯ್ಕೆಯಾಗಬಹುದಿತ್ತು. ಪಡಿತರದ ನೀಲಿ ಸೀಮೆಎಣ್ಣೆ ನಮ್ಮ ಕಡೆ ಈಗ ಕಣ್ಣಿಗೆ ಬೀಳುವುದೇ ಅಪರೂಪ, ನಮ್ಮ ಡಬ್ಬಿಯಲ್ಲಿ ಉಳಿದಿದ್ದು ಅರ್ಧ ಲೋಟ. ಹೀಗಾಗಿ ಪೇಂಟ್ ಅಂಗಡಿಯ ಟರ್ಪೆಂಟೈನ್. ಡಬ್ಬಿಯ ಮೇಲೆ ಮಿನರಲ್ ಟರ್ಪೆಂಟೈನ್ ಎಂದಿರುತ್ತದೆ. ಪೈನ್ ಮರದ ಅಂಟಿನಿಂದ ತೆಗೆಯುವ ಅಸಲಿ ಟರ್ಪೆಂಟೈನ್ ಅಲ್ಲ, ಇದೂ ಕಚ್ಚಾ ತೈಲದ ಮಗುವೇ, ಸೀಮೆಎಣ್ಣೆಗಿಂತ ಸ್ವಲ್ಪ ಹಗುರ. ಆರುವುದಕ್ಕೆ ಸಾಕಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ಜಿಡ್ಡು ಕಡಿಮೆ. ಬೆಂಕಿಯಿಂದ ದೂರ ಇಡಲೇಬೇಕು, ಆದರೂ ಪೆಟ್ರೋಲಿನಂಥ ಹುಚ್ಚು ಇದಕ್ಕಿಲ್ಲ.

ಥಿನ್ನರ್ ಎಂದರೆ ಒಂದು ವಸ್ತುವಲ್ಲ, ಒಂದು ಕೂಟ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಡಬ್ಬಿಯಲ್ಲಿ ಸಾಮಾನ್ಯವಾಗಿ ಟಾಲ್ವೀನ್, ಅಸಿಟೋನ್, ಎಸ್ಟರ್, ಆಲ್ಕೋಹಾಲ್‌ಗಳು ಕೂಡಿಕೊಂಡಿರುತ್ತವೆ. ಕೂಟದ ಒಬ್ಬನಿಗೆ ಬಗ್ಗದ್ದು ಇನ್ನೊಬ್ಬನಿಗೆ ಬಗ್ಗುತ್ತದೆ. ಸ್ಪಿರಿಟ್, ಸ್ಯಾನಿಟೈಜರ್‌ಗಳು ಡಾಂಬರಿನ ವಿಷಯದಲ್ಲಿ ಕೆಲಸಕ್ಕೆ ಬಾರದವು. ಪಾತ್ರೆ ತೊಳೆಯುವ ಸೋಪು ಹನಿಯನ್ನು ಅಲ್ಲಾಡಿಸಲೂ ಇಲ್ಲ, ಆದರೆ ಕೊನೆಗೆ ಜಿಡ್ಡು ತೊಳೆಯಲು ಅದೇ ಬೇಕು. ನೀಲಗಿರಿ ಎಣ್ಣೆ ಚೆನ್ನಾಗಿ ಕರಗಿಸುತ್ತದೆ, ಸ್ಟಿಕ್ಕರಿನ ಅಂಟಿಗೆ ನಾನು ಬಳಸುವುದೂ ಅದನ್ನೇ. ಆದರೆ ಪ್ಲಾಸ್ಟಿಕ್ ಮತ್ತು ಮೆದು ಬಣ್ಣದ ಹತ್ತಿರ ಅದನ್ನು ನಂಬಲಾಗದು, ನೂರಾರು ಹನಿಗೆ ದುಬಾರಿ ಬೇರೆ.

ಪರೀಕ್ಷೆಗೆ ಬಲಗಡೆಯ ಬಾಗಿಲು ತೆರೆದು ಕೆಳಗಿನ ಒಳ ಅಂಚನ್ನು ಆರಿಸಿಕೊಂಡೆ, ಹಾಳಾದರೂ ಯಾರಿಗೂ ಕಾಣದ ಜಾಗ. ತೊಳೆದು ಒರೆಸಿ, ಟರ್ಪೆಂಟೈನ್‌ನಲ್ಲಿ ಅದ್ದಿದ ಹತ್ತಿಯನ್ನು ಐದು ನಿಮಿಷ ಇಟ್ಟು ತೆಗೆದಾಗ ಎದೆ ಧಸಕ್ ಎಂದಿತು: ಹತ್ತಿಗೆ ಬಿಳಿ ಬಣ್ಣ ಬಂದಿತ್ತು.

ಇಲ್ಲಿ ಗಾಬರಿಯಾಗುವ ಮುಂಚೆ ಬೆರಳಿಟ್ಟು ನೋಡಬೇಕು. ಹಳೆಯ ಸಾದಾ ಬಿಳಿ ಬಣ್ಣದ ಮೇಲೆ ಪಾರದರ್ಶಕ ಲೇಪವಿಲ್ಲದಿದ್ದರೆ ಗಾಳಿ ಬೆಳಕಿಗೆ ಮೇಲ್ಪದರ ಸುಣ್ಣದಂತೆ ಪುಡಿಯಾಗುತ್ತದೆ. ಆ ಪುಡಿ ಬರೀ ಒದ್ದೆ ಬಟ್ಟೆಗೂ ಬರುತ್ತದೆ, ಒಣಗಿದರೆ ಉದುರುತ್ತದೆ. ಬಣ್ಣವೇ ಕರಗಿದ್ದರೆ ಬಟ್ಟೆ ಅಂಟಂಟಾಗುತ್ತದೆ, ಜಾಗಕ್ಕೆ ಬೆರಳು ಒತ್ತಿದರೆ ಗುರುತು ಬೀಳುತ್ತದೆ. ಇಲ್ಲಿ ಅಂಟಿರಲಿಲ್ಲ, ಉಗುರು ಜಾರುತ್ತಿತ್ತು. ಕುತೂಹಲ ತಡೆಯದೆ ಪಕ್ಕದಲ್ಲೇ ಒಂದು ಹನಿ ಥಿನ್ನರ್ ಹಾಕಿ ಅರ್ಧ ನಿಮಿಷ ಬಿಟ್ಟೆ. ಏನೂ ಆಗಲಿಲ್ಲ. "ನೋಡಿ ಅಪ್ಪ, ಥಿನ್ನರಿಗೂ ಜಗ್ಗಲಿಲ್ಲ" ಎಂದು ಹೆಮ್ಮೆಯಿಂದ ಹೇಳಿದೆ. ಈ ಮಾತನ್ನು ನೆನಪಿಡಿ.

ಹಿಂದಿನ ಚಕ್ರದ ಸುತ್ತ ಕೆಲಸ ಶುರುವಾಯಿತು. ಮೊದಲು ಧಾರಾಳ ನೀರು ಹೊಡೆದು ಮರಳು, ಮಣ್ಣು ತೆಗೆದೆ. ನೈಟ್ರೈಲ್ ಕೈಗವಸು ಹಾಕಿಕೊಂಡೆ. ಬಲೂನಿನಂಥ ಲೇಟೆಕ್ಸ್ ಕೈಗವಸು ಟರ್ಪೆಂಟೈನ್‌ಗೆ ಉಬ್ಬಿ ಹರಿದುಹೋಗುತ್ತದೆ. ಅಪ್ಪನ ಹಳೆಯ ಪಂಚೆಯನ್ನು ಅಂಗೈಯಗಲದ ತುಂಡುಗಳಾಗಿ ಹರಿದಿಟ್ಟುಕೊಂಡೆ. ಹತ್ತಿಯನ್ನು ಟರ್ಪೆಂಟೈನ್‌ನಲ್ಲಿ ಅದ್ದಿ ಹನಿಯ ಮೇಲೆ ಇಟ್ಟು, ಅದರ ಮೇಲೆ ಹಾಲಿನ ಪ್ಯಾಕೆಟ್ಟಿನ ತುಂಡು ಮುಚ್ಚಿದೆ, ಆರದಿರಲಿ ಎಂದು. ಮೂರು ನಿಮಿಷಕ್ಕೆ ಹನಿ ಮೇಣದಂತೆ ಸಡಿಲವಾಯಿತು.

ಉಜ್ಜಬಾರದು. ಹನಿಯೊಳಗೆ ಜಲ್ಲಿಪುಡಿ ಸೇರಿಕೊಂಡಿರುತ್ತದೆ, ಉಜ್ಜಿದರೆ ಅದು ಮರಳು ಕಾಗದವೇ. ಮಗುವಿನ ಬಾಯಿ ಒರೆಸುವಂತೆ ಹೊರ ಅಂಚಿನಿಂದ ನಡುವಿಗೆ ಮಡಚಿ ಎತ್ತಬೇಕು, ಪ್ರತಿ ಸಲ ಬಟ್ಟೆಯ ಹೊಸ ಭಾಗ. ಹತ್ತು ಹನಿಗೆ ಒಂದು ತುಂಡು ಪಂಚೆ ಮುಗಿಯುತ್ತಿತ್ತು. ಎರಡನೆಯ ಸುತ್ತಿಗೆ ಕಂದು ಛಾಯೆಯೂ ಹೋಯಿತು. ಬಾಗಿಲ ಸುತ್ತಲಿನ ಕರಿ ರಬ್ಬರ್ ಬೀಡಿಂಗಿಗೆ ಮಾತ್ರ ಟರ್ಪೆಂಟೈನ್ ತಾಗಿಸಬಾರದು, ಪೆಟ್ರೋಲಿಯಂ ಎಣ್ಣೆಗಳಿಗೆ ಆ ರಬ್ಬರ್ ಊದಿಕೊಂಡು ಸಡಿಲವಾಗುತ್ತದೆ. ಹಿಂದಿನ ಕೆಂಪು ದೀಪದ ಮೇಲಿದ್ದ ಎರಡು ಹನಿಗಳಿಗೂ ದ್ರಾವಕ ಮುಟ್ಟಿಸಲಿಲ್ಲ. ಆ ಪ್ಲಾಸ್ಟಿಕ್‌ಗೆ ಕೂದಲಿನಂಥ ಬಿರುಕು ಬಂದರೆ ಮತ್ತೆ ಮುಚ್ಚುವುದಿಲ್ಲ. ಅವಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬಿಟ್ಟೆ.

ಸಂಜೆಯ ಹೊತ್ತಿಗೆ ಹಿಂದಿನ ಭಾಗ ಮುಗಿಯಿತು. ಒದ್ದೆ ತುಂಡುಗಳನ್ನು ಬಚ್ಚಲ ಒಲೆಗೆ ಹಾಕಿಬಿಡುವ ಆಸೆ ಅಪ್ಪನಿಗಿತ್ತು. ಬೇಡವೆಂದು ಬೇಲಿಯ ಮೇಲೆ ಒಂದೊಂದಾಗಿ ಹರವಿದೆವು. ಉಳಿದ ಟರ್ಪೆಂಟೈನ್ ಅದರದೇ ಡಬ್ಬಿಗೆ ಹೋಯಿತು. ನೀರಿನ ಬಾಟಲಿಯಲ್ಲಿ ತುಂಬಿಟ್ಟ ಸೀಮೆಎಣ್ಣೆಯನ್ನು, ಟರ್ಪೆಂಟೈನನ್ನು ಮಕ್ಕಳು ನೀರೆಂದು ಕುಡಿಯುವುದು ನಮ್ಮ ಊರುಗಳಲ್ಲಿ ಇನ್ನೂ ನಿಂತಿಲ್ಲ. ಕುಡಿದವರಿಗೆ ವಾಂತಿ ಮಾಡಿಸಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ. ನೇರ ಆಸ್ಪತ್ರೆಗೆ ಓಡಬೇಕು.

ಸೋಮವಾರ

ನಾನು ಬಸ್ಸಿನಲ್ಲಿ ಶಿವಮೊಗ್ಗಕ್ಕೆ, ಉತ್ತರ ಪತ್ರಿಕೆಗಳ ಕಟ್ಟುಗಳ ಮುಂದೆ. ರಾತ್ರಿ ಎಂಟಕ್ಕೆ ಮನೆಗೆ ಬಂದಾಗ ಅಪ್ಪ ಟಿವಿಯ ಮುಂದೆ ಅಗತ್ಯಕ್ಕಿಂತ ಹೆಚ್ಚು ಗಮನವಿಟ್ಟು ಕೂತಿದ್ದರು. ಅಮ್ಮ ಊಟ ಬಡಿಸುತ್ತ, "ಬೆಳಕಾದ ಮೇಲೆ ಕಾರು ನೋಡು" ಎಂದಷ್ಟೇ ಹೇಳಿದರು.

ಮಂಗಳವಾರ

ಮುಂದಿನ ಮಡ್‌ಗಾರ್ಡಿನ ನಡುವೆ ಅಂಗೈಯಷ್ಟು ಜಾಗ ಹೊಳಪು ಕಳೆದುಕೊಂಡಿತ್ತು. ಹತ್ತಿರ ಹೋಗಿ ನೋಡಿದರೆ ಅದರ ಮೇಲೆ ಪಂಚೆಯ ನೇಯ್ಗೆ ಅಚ್ಚೊತ್ತಿದಂತೆ ಮೂಡಿತ್ತು, ಎಳೆ ಎಣಿಸಬಹುದಿತ್ತು. ಬೇಲಿಯ ಮೇಲಿನ ತುಂಡೊಂದು ಹಪ್ಪಳದಷ್ಟು ಗಟ್ಟಿಯಾಗಿ, ಬಿಳಿ ಬಣ್ಣ ಕುಡಿದು ಕೂತಿತ್ತು. ಕಟ್ಟೆಯ ಮೇಲೆ ಥಿನ್ನರ್ ಡಬ್ಬಿ.

"ಥಿನ್ನರಿಗೂ ಜಗ್ಗುವುದಿಲ್ಲ ಎಂದು ನೀನೇ ತೋರಿಸಿದ್ದೆಯಲ್ಲ" ಎಂದರು ಅಪ್ಪ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಪರೀಕ್ಷೆ ಮಾಡಿದ್ದು ಬಲಬಾಗಿಲ ಒಳ ಅಂಚಿನಲ್ಲಿ. ಅದು ಕಾರ್ಖಾನೆಯ ಬಣ್ಣ. ಎಡಗಡೆಯ ಮಡ್‌ಗಾರ್ಡ್ ಮತ್ತು ಬಾಗಿಲು ಇಪ್ಪತ್ತು ವರ್ಷದ ಹಿಂದೆ ಎತ್ತಿನ ಗಾಡಿಗೆ ತಾಗಿ ಜಜ್ಜಿದ್ದಾಗ ಊರಿನ ಗ್ಯಾರೇಜೊಂದರಲ್ಲಿ ಮತ್ತೆ ಬಣ್ಣ ಹೊಡೆಸಿದ್ದೆವು. ಆ ಭಾಗ ಉಳಿದ ಕಾರಿಗಿಂತ ಸ್ವಲ್ಪ ಕೆನೆ ಬಣ್ಣಕ್ಕೆ ತಿರುಗಿದ್ದು ವರ್ಷಗಳಿಂದ ನನ್ನ ಕಣ್ಣಿಗೆ ಬೀಳುತ್ತಲೇ ಇತ್ತು. ಆ ಹಳದಿಯೇ ಬಣ್ಣದ ಕುಲ ಹೇಳುತ್ತಿತ್ತು. ನಾನು ಬಿಸಿಲಿಗೆ ಹಾಗಾಗಿದೆ ಎಂದುಕೊಂಡಿದ್ದೆ.

ಸಂಜೆ ಗ್ಯಾರೇಜಿನ ಪೇಂಟರ್ ಭಾಯಿಯನ್ನು ಕರೆದುಕೊಂಡು ಬಂದೆ. ನಲವತ್ತು ವರ್ಷದಿಂದ ಸ್ಪ್ರೇ ಗನ್ ಹಿಡಿದ ಕೈ ಅವರದು. ನೋಡಿದವರೇ ನಕ್ಕರು. "ಇದು ಡ್ಯೂಕೋ ಮೇಷ್ಟರೇ. ಇದಕ್ಕೆ ಥಿನ್ನರ್ ಹಾಕುವುದೂ ಬೆಲ್ಲಕ್ಕೆ ನೀರು ಹಾಕುವುದೂ ಒಂದೇ."

ನಮ್ಮ ಗ್ಯಾರೇಜುಗಳಲ್ಲಿ ಗಾಡಿಗೆ ಹೊಡೆಯುವ ಬಣ್ಣಕ್ಕೆಲ್ಲ ಡ್ಯೂಕೋ ಎನ್ನುವ ರೂಢಿಯಿದೆ. ಮೂಲದಲ್ಲಿ ಅದು ಅಮೆರಿಕದ ಡ್ಯುಪಾಂಟ್ ಕಂಪನಿ 1920ರ ದಶಕದಲ್ಲಿ ತಂದ ನೈಟ್ರೋಸೆಲ್ಯುಲೋಸ್ ಲ್ಯಾಕರಿನ ಹೆಸರು. ಅದಕ್ಕೂ ಮುಂಚೆ ಕಾರಿಗೆ ವಾರ್ನಿಷ್ ಪದರಗಳನ್ನು ಬಳಿದು ಒಣಗಿಸುವುದರಲ್ಲಿ ವಾರಗಳು ಕಳೆಯುತ್ತಿದ್ದವು. ಲ್ಯಾಕರ್ ಗಂಟೆಗಳಲ್ಲಿ ಒಣಗಿತು. ಅಷ್ಟು ಬೇಗ ಒಣಗುವುದಕ್ಕೆ ಕಾರಣ ಅದರಲ್ಲಿ ಯಾವ ರಾಸಾಯನಿಕ ಕ್ರಿಯೆಯೂ ನಡೆಯಬೇಕಿಲ್ಲ, ಥಿನ್ನರ್ ಹಾರಿಹೋದರೆ ಸಾಕು. ಥಿನ್ನರ್ ಮರಳಿ ಬಂದರೆ ಬಣ್ಣವೂ ಮರಳಿ ದ್ರವವಾಗುತ್ತದೆ, ಹತ್ತು ವರ್ಷವಾಗಲಿ, ಐವತ್ತು ವರ್ಷವಾಗಲಿ. ಭಾಯಿಯ ಬೆಲ್ಲದ ಮಾತು ಅಕ್ಷರಶಃ ನಿಜ. ಬಿಳಿ ನೈಟ್ರೋಸೆಲ್ಯುಲೋಸ್ ವರ್ಷಗಳು ಕಳೆದಂತೆ ಹಳದಿಗೆ ತಿರುಗುವುದೂ ಅದರ ಹುಟ್ಟುಗುಣ.

ಕಾರ್ಖಾನೆಯ ಬಣ್ಣ ಇಡ್ಲಿಯಂತೆ. 130-140 ಡಿಗ್ರಿ ಶಾಖದಲ್ಲಿ ಬೆಂದು ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಬೆಂದ ಇಡ್ಲಿಗೆ ಎಷ್ಟು ನೀರು ಹೊಯ್ದರೂ ಹಿಟ್ಟಾಗುವುದಿಲ್ಲ. ಗಟ್ಟಿಕಾರಕ ಬೆರೆಸಿ ಹೊಡೆಯುವ ಈಗಿನ ಪಿಯು (ಪಾಲಿಯುರೆಥೇನ್) ಬಣ್ಣಗಳೂ ಇದೇ ಸಾಲಿನವು, ಬೇಯಿಸುವ ಬದಲು ಎರಡು ಡಬ್ಬಿಯ ದ್ರವಗಳು ಸೇರಿ ಕೊಂಡಿ ಹಾಕುತ್ತವೆ.

ಈ ಕಾರಿನ ಮೇಲೆ ಮೂರನೆಯದೂ ಒಂದಿದೆ ಎಂದು ಭಾಯಿಯೇ ಹಿಂದಕ್ಕೆ ಹೋಗಿ ಬೆರಳು ತೋರಿಸಿದರು. ಡಿಕ್ಕಿಯ ಮೇಲೆ ಅಪ್ಪ ತಮ್ಮ ಕೈಯಾರೆ ಕೆಂಪು ಎನಾಮೆಲ್ ಬಣ್ಣದಲ್ಲಿ ಬರೆದ "ಶ್ರೀ ಮಾರಿಕಾಂಬಾ ಪ್ರಸನ್ನ". ಎನಾಮೆಲ್ ಒಣಗುವ ರೀತಿಯೇ ಬೇರೆ. ಅದರೊಳಗಿನ ಎಣ್ಣೆ ಗಾಳಿಯ ಆಮ್ಲಜನಕ ಕುಡಿದು ಗಟ್ಟಿಯಾಗುತ್ತದೆ, ದೇವರ ದೀಪದ ಬುಡದಲ್ಲಿ ಎಣ್ಣೆ ಜಿಡ್ಡು ಅಂಟಾಗಿ, ಆಮೇಲೆ ಕಲ್ಲಾಗುವ ಹಾಗೆ. ಟರ್ಪೆಂಟೈನ್ ಎನಾಮೆಲ್ಲಿಗೆ ಬೆರೆಸುವ ದ್ರವವೇ. ಹಳೆಯ ಎನಾಮೆಲ್ಲನ್ನು ಅದು ಕರಗಿಸದಿದ್ದರೂ ಹೆಚ್ಚು ಹೊತ್ತು ನೆನೆಸಿದರೆ ಮೆತ್ತಗೆ ಮಾಡಬಲ್ಲದು. ಥಿನ್ನರ್ ಹಾಕಿದರೆ ಸುಕ್ಕುಗಟ್ಟಿ ಎದ್ದು ಬರುತ್ತದೆ.

ಬಣ್ಣದ ಕುಲ ಕಂಡುಹಿಡಿಯಲು ಭಾಯಿ ಥಿನ್ನರನ್ನೇ ಬಳಸುತ್ತಾರೆ, ಆದರೆ ಹತ್ತಿಯ ತುದಿಗೆ ಒಂದು ಹನಿ, ಯಾವ ಭಾಗ ತೊಳೆಯಬೇಕೋ ಅದೇ ತಗಡಿನ ಕೆಳ ಅಂಚಿನಲ್ಲಿ. ಕೂಡಲೇ ಹತ್ತಿಗೆ ಬಣ್ಣ ಅಂಟಿದರೆ ಲ್ಯಾಕರ್. ಸ್ವಲ್ಪ ಹೊತ್ತಿಗೆ ಸುಕ್ಕಾದರೆ ಎನಾಮೆಲ್. ಏನೂ ಆಗದಿದ್ದರೆ ಕಾರ್ಖಾನೆಯದು ಅಥವಾ ಪಿಯು. "ಬಾಗಿಲ ಒಳಗೆ ನೋಡಿ ಏನು ಪ್ರಯೋಜನ? ಹೊರಗೆ ಹೊಡೆಯುವವನು ಒಳಗೆ ಹೊಡೆಯುವುದಿಲ್ಲ" ಎಂದರು. ಅವರ ಮಾತಿನಲ್ಲಿ ಸ್ವಂತ ಅನುಭವದ ಧ್ವನಿಯಿತ್ತು. ಈ ಮಡ್‌ಗಾರ್ಡಿಗೆ ಬಣ್ಣ ಹೊಡೆದವರು ಯಾರೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಪ್ಪ ಮಾಡಿದ ಗಾಯಕ್ಕೆ ಅವರ ಔಷಧ: ಏನೂ ಮಾಡಬೇಡಿ. ಬೆರಳೂ ಹಚ್ಚಬೇಡಿ. ಥಿನ್ನರ್ ಬಣ್ಣದ ಒಳಗಿನಿಂದ ಪೂರ್ತಿ ಹಾರಿಹೋಗಲಿ, ಮೊದಲಿನಷ್ಟೇ ಗಟ್ಟಿಯಾಗುತ್ತದೆ.

ಬುಧವಾರದಿಂದ ಶನಿವಾರ ಸಂಜೆಯವರೆಗೆ ಯಾರೂ ಕಾರು ಮುಟ್ಟಲಿಲ್ಲ. ಕೆಂಪು ದೀಪದ ಮೇಲಿನ ಹನಿಗಳಿಗೆ ಮಾತ್ರ ದಿನಕ್ಕೊಮ್ಮೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಗುರುವಾರ ಬೆಳಿಗ್ಗೆ ಎರಡೂ ಬಟ್ಟೆಯೊಂದಿಗೆ ಸುಮ್ಮನೆ ಜಾರಿ ಬಂದವು. ಎಣ್ಣೆಯ ಅಣುಗಳು ದೊಡ್ಡವು, ಡಾಂಬರಿನೊಳಗೆ ನುಸುಳಲು ಹೊತ್ತು ಬೇಕು. ಟರ್ಪೆಂಟೈನ್ ಮೂರು ನಿಮಿಷದಲ್ಲಿ ಮಾಡಿದ್ದಕ್ಕೆ ಇದು ಮೂರೂವರೆ ದಿನ ತೆಗೆದುಕೊಂಡಿತು. ಆದರೆ ಅದು ಮುಟ್ಟಿದ ಯಾವುದಕ್ಕೂ ನೋವಾಗಲಿಲ್ಲ.

ಎರಡನೆಯ ಭಾನುವಾರ

ಮಡ್‌ಗಾರ್ಡಿನ ಗಾಯ ಉಗುರಿಗೆ ಗಟ್ಟಿಯಾಗಿತ್ತು. 2000 ನಂಬರಿನ ವಾಟರ್ ಪೇಪರನ್ನು, ಅಂದರೆ ತೀರಾ ನಯವಾದ ಮರಳು ಕಾಗದವನ್ನು, ಸೋಪು ನೀರಿನಲ್ಲಿ ಒಂದು ಗಂಟೆ ನೆನೆಸಿ, ನೇಯ್ಗೆಯ ಗುರುತು ಹೋಗುವಷ್ಟು ಮಾತ್ರ ಹಗುರವಾಗಿ ಎಳೆದೆ, ಆಮೇಲೆ ಹೊಳಪು ತರುವ ರಬ್ಬಿಂಗ್ ಕಾಂಪೌಂಡ್. ಲ್ಯಾಕರಿನ ಒಳ್ಳೆಯ ಗುಣವೆಂದರೆ ಇದೇ, ತಿಕ್ಕಿದರೆ ಹೊಳಪು ಕೊಡುತ್ತದೆ. ಒಂದು ಮೂಲೆಯಲ್ಲಿ ಬೂದು ಪ್ರೈಮರ್ ಇಣುಕಿತು. ಅಲ್ಲಿಗೇ ನಿಲ್ಲಿಸಿದೆ.

ಲ್ಯಾಕರ್ ಭಾಗದ ಉಳಿದ ಹನಿಗಳಿಗೂ ಟರ್ಪೆಂಟೈನನ್ನೇ ಬಳಸಿದೆ, ಈ ಸಲ ಎಡಬಾಗಿಲಿನ ಹೊರಗಿನ ಕೆಳ ಅಂಚಿನಲ್ಲಿ ಪರೀಕ್ಷಿಸಿ. ನೈಟ್ರೋಸೆಲ್ಯುಲೋಸನ್ನು ಕರಗಿಸಲು ಅಸಿಟೋನ್, ಎಸ್ಟರ್‌ಗಳಂಥವು ಬೇಕು, ಟರ್ಪೆಂಟೈನ್‌ಗೆ ಆ ಶಕ್ತಿಯಿಲ್ಲ. ಆದರೂ ಹತ್ತಿ ಇಡುವ ಹೊತ್ತನ್ನು ಒಂದು ನಿಮಿಷಕ್ಕೆ ಇಳಿಸಿ, ಸುತ್ತುಗಳನ್ನು ನಾಲ್ಕಕ್ಕೆ ಏರಿಸಿದೆ. ಪ್ರತಿ ಸುತ್ತಿನ ನಡುವೆ ಬೆರಳಿಟ್ಟು ನೋಡಿದೆ. ಅಪ್ಪ ಕುರ್ಚಿ ಹಾಕಿಕೊಂಡು ಕೂತು ಹನಿ ಎಣಿಸಿದರು. ಮೂರು ಗಂಟೆ ಹಿಡಿಯಿತು.

ಡಿಕ್ಕಿಯ ಬರಹದ ಮೇಲೆ ಇನ್ನೂ ಏಳು ಹನಿಗಳು ಉಳಿದಿದ್ದವು. ಅದಕ್ಕೆ ಅಮ್ಮ ಹಲಸು ಕೊಯ್ಯುವಾಗ ಬಳಸುವ ಕೊಬ್ಬರಿ ಎಣ್ಣೆಯ ಬಟ್ಟಲನ್ನೇ ತಂದಿದ್ದೆ. ಶನಿವಾರ ರಾತ್ರಿಯೇ ಎಣ್ಣೆ ಹಚ್ಚಿ ಹತ್ತಿ ಅಂಟಿಸಿಟ್ಟಿದ್ದೆ, ಬೆಳಿಗ್ಗೆ ಐದು ಹನಿಗಳು ಬಂದವು. ಆರನೆಯದಕ್ಕೆ ಮಧ್ಯಾಹ್ನದವರೆಗೆ ಕಾಯಬೇಕಾಯಿತು. ಏಳನೆಯದು "ಕಾಂ"ದ ಸೊನ್ನೆಯ ಮೇಲೆ ಕೂತಿತ್ತು. ಅದನ್ನು ಎತ್ತುವಾಗ ಹನಿಯೊಂದಿಗೆ ಸೊನ್ನೆಯೂ ಎದ್ದು ಬಂತು. ಎಣ್ಣೆಯ ತಪ್ಪಲ್ಲ, ಆ ಸೊನ್ನೆಯ ಅಂಚು ಹಿಂದೆಯೇ ಬಿರುಕು ಬಿಟ್ಟು ಎದ್ದಿತ್ತು, ಡಾಂಬರು ಅದನ್ನು ಹಿಡಿದಿಟ್ಟುಕೊಂಡಿತ್ತು ಅಷ್ಟೇ.

ಇಡೀ ಕಾರನ್ನು ಪಾತ್ರೆ ಸೋಪಿನ ನೀರಿನಲ್ಲಿ ಎರಡು ಸಲ ತೊಳೆದೆ. ಟರ್ಪೆಂಟೈನ್, ಕೊಬ್ಬರಿ ಎಣ್ಣೆ ಎರಡರ ಜಿಡ್ಡೂ ಹೋಗಬೇಕಲ್ಲ. ಅದರ ಜೊತೆಗೆ ಹಳೆಯ ಪಾಲಿಶ್ ಕೂಡ ಹೋಗಿರುತ್ತದೆ ಎಂದು ಒಂದು ಸುತ್ತು ವ್ಯಾಕ್ಸ್ ಹಚ್ಚಿದೆ. ವ್ಯಾಕ್ಸ್ ಇರುವ ಮೇಲ್ಮೈಯಿಂದ ಮುಂದಿನ ಸಲ ಡಾಂಬರು ಬಿಡಿಸುವುದು ಸುಲಭ, ಹನಿ ಬಣ್ಣವನ್ನು ನೇರವಾಗಿ ಕಚ್ಚುವುದಿಲ್ಲ. ಸೊನ್ನೆ ಹೋದ ಜಾಗವನ್ನು ಮಾತ್ರ ಬಿಟ್ಟೆ, ವ್ಯಾಕ್ಸಿನ ಮೇಲೆ ಬಣ್ಣ ಕೂರುವುದಿಲ್ಲ.

"ಮಾರಿಕಾಬಾ" ಎಂದು ಓದಿ ಅಮ್ಮ ನಕ್ಕರು. ಅಪ್ಪ ನಗಲಿಲ್ಲ. ಅಟ್ಟದಿಂದ ಕೆಂಪು ಎನಾಮೆಲ್ಲಿನ ಹಳೆಯ ಡಬ್ಬಿ ಇಳಿಸಿ, ಮೇಲಿನ ಕೆನೆ ಬಿಡಿಸಿ, ಒಂದು ಚಮಚ ಟರ್ಪೆಂಟೈನ್ ಬೆರೆಸಿಕೊಂಡರು. ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ, ಉಸಿರು ಹಿಡಿದು ಸೊನ್ನೆ ಬರೆದರು. ಮೊದಲಿನದಕ್ಕಿಂತ ಸ್ವಲ್ಪ ದೊಡ್ಡದಾಯಿತು.